ಸೊಪ್ಪಿನಮ್ಮನ ಕಣ್ಣು

ಮೊನ್ನೆ ಹೆಬ್ಬಾಳದಲ್ಲಿ ಕಣ್ಣು ತೋರಿಸಿಕೊಂಡು ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದವರ ಚೀಲದಿಂದ ಸಬ್ಬಸಿಗೆ ಸೊಪ್ಪಿನ ವಾಸನೆ ಬಂತು. ಸೊಪ್ಪಿನಮ್ಮ ನೆನಪಾದಳು... ಆ ವಾಸನೆ ಬಂದರೆ ಈಗಲೂ ನನ್ನ ತಲೆ ತಗ್ಗುತ್ತದೆ.

ಎಂಬತ್ತರ ದಶಕದ ಮೊದಲಲ್ಲಿ ನಾವು ಯಲಹಂಕದಲ್ಲಿದ್ದೆವು. ಕಾರ್ಖಾನೆ ಕೆಲಸಕ್ಕೆಂದು ಅಪ್ಪ ಧಾರವಾಡದ ಕಡೆಯಿಂದ ಬಂದವರು. ಪುಟ್ಟೇನಹಳ್ಳಿಯಿಂದ ಬುಟ್ಟಿ ಹೊತ್ತು ಬರುತ್ತಿದ್ದ ಸೊಪ್ಪಿನಮ್ಮನ ಒಂದು ಕಣ್ಣು ಸಿಡುಬಿಗೆ ಹೋಗಿತ್ತು, ಇನ್ನೊಂದಕ್ಕೆ ಹೂವು, ಅಂದರೆ ನೋಟ ಮುಚ್ಚುವ ಬಿಳಿ ಕಲೆ, ಬಿದ್ದಿತ್ತು. ನನ್ನ ಎಡಗಣ್ಣಿಗೂ ಹೂವು. ಗಂಡಿನ ಕಡೆಯವರು ಬಂದಾಗಲೆಲ್ಲ ಅವ್ವ ನನ್ನ ಎಡಮಗ್ಗುಲು ಗೋಡೆಗೆ ಬರುವಂತೆ ಕೂರಿಸುತ್ತಿದ್ದಳು.

ಸತ್ತವರೊಬ್ಬರ ಕಣ್ಣುಗಳು ಸಿಕ್ಕಾಗ, ನಾವು ಹೆಸರು ಬರೆಸಿದ್ದ ಆಸ್ಪತ್ರೆಯವರು ನಮ್ಮಿಬ್ಬರನ್ನೂ ಒಟ್ಟಿಗೆ ಕರೆದರು. ನನ್ನ ಕಲೆ ಮೇಲುಮೇಲಿನದು, ಅವಳದು ಆಳದ್ದು. ಡಾಕ್ಟರು ಬಿಡಿಸಿ ಹೇಳಿದರು. ನನಗೆ ಕಾರ್ನಿಯಾದ ಮೇಲಿನ ಪದರವನ್ನಷ್ಟೇ ತೆಗೆದು, ಒಳಪೊರೆ ಉಳಿಸಿ, ಬೇರೆ ಪದರ ಹೊಲಿಯುವುದು, ಗೋಡೆಯ ಹಳೇ ಗಾರೆ ಕೆರೆದು ಹೊಸದು ಮೆತ್ತಿದ ಹಾಗೆ. ಅವಳಿಗೆ ಪೂರ್ತಿ ದಪ್ಪವನ್ನೇ ಕತ್ತರಿಸಿ ಬೇರೆಯದನ್ನು ಕೂರಿಸುವುದು, ಕಿಟಕಿಗೆ ಗಾಜು ಹಾಕಿದ ಹಾಗೆ. ನನ್ನದರಲ್ಲಿ ಅಪಾಯ ಕಡಿಮೆ, ನೋಟ ಸ್ವಲ್ಪ ಮಸುಕು. ಅವಳದರಲ್ಲಿ ನೋಟ ಚೊಕ್ಕ, ಆದರೆ ಸೋಂಕು ತಗುಲಿದರೆ ನೇರ ಕಣ್ಣಿನೊಳಕ್ಕೇ ಇಳಿಯುತ್ತದೆ.

ಆಪರೇಷನ್ ಮುಗಿಸಿ ಮನೆಗೆ ಬಂದ ಕೆಲವು ದಿನಕ್ಕೆ ಅವಳು ಕೊತ್ತಂಬರಿ ಕಟ್ಟು ಹಿಡಿದು, "ಎಲೆ ಅಂಚೆಲ್ಲಾ ಕಾಣ್ತದೆ ಕಣವ್ವ!" ಎಂದು ನಕ್ಕಳು. ನನಗೆ ಇನ್ನೂ ಮಂಜು ಮಂಜು. ಹೊಟ್ಟೆ ಉರಿಯಿತು. ಸೊಪ್ಪು ಮಾರುವವಳಿಗೆ ಚೊಕ್ಕ ನೋಟ, ಮದುವೆಯಾಗಬೇಕಾದ ನನಗೆ ಅರೆಬರೆ ಎಂದುಕೊಂಡೆ. ಎಂಥ ಸಣ್ಣ ಮನಸ್ಸು ನನ್ನದು...

ಆಗ ಅವ್ವನ ತಲೆಗೆ ಸೂತಕ ಹೊಕ್ಕಿತು. "ಸತ್ತವರ ಕಣ್ಣು ನಿಮ್ಮ ಮೈಗೆ ಸೇರೈತಿ. ಅವರು ನಮ್ಮ ಮಂದಿ ಆದಂಗ. ತಲಿಗೆ ನೀರು ಹಾಕ್ಕೊಳ್ಳದ ಸೂತಕ ಹೆಂಗ ಕಳೀತದ?"

ಸೊಪ್ಪಿನಮ್ಮ ಹಿಂಜರಿದಳು. "ಕಣ್ಣಿನ್ ಒಲಿಗೆ ಬಿಚ್ಚೋಗಂಟ ತಲೆಗ್ ನೀರ್ ಬ್ಯಾಡ ಅಂದವ್ರೆ ಡಾಕುಟ್ರು."

ನನ್ನತ್ತ ನೋಡಿದಳು. ಓದಿದವಳು ನಾನು ಬೇಡ ಅನ್ನಬಹುದು ಎಂದುಕೊಂಡಿರಬೇಕು. ನಾನು ಸುಮ್ಮನಿದ್ದೆ. ಅವ್ವ ಇಬ್ಬರನ್ನೂ ನಮ್ಮ ಬಚ್ಚಲಲ್ಲಿ ಕೂರಿಸಿ ಒಂದೇ ಹಂಡೆಯ ನೀರು ಸುರಿದಳು.

ಇಬ್ಬರ ಕಣ್ಣೂ ಕೆಂಪಾದವು. ನನ್ನದು ಔಷಧಿಯ ಹನಿಗೆ ವಾಸಿಯಾಯಿತು, ಒಳಪೊರೆ ನನ್ನದೇ ಇತ್ತಲ್ಲ. ಅವಳದರಲ್ಲಿ ಹೊಲಿಗೆಯ ಸಂದಿಯಿಂದ ಸೋಂಕು ಒಳಗಿಳಿದು ಕೀವು ತುಂಬಿತು. ಇದ್ದೊಂದು ಕಣ್ಣೂ ಹೋಯಿತು.

ಕೆಲವು ತಿಂಗಳಾದ ಮೇಲೆ ಸೊಸೆಯ ಕೈಹಿಡಿದು ಮತ್ತೆ ಬಂದಳು, ಕಟ್ಟುಗಳನ್ನು ಮೂಸಿ ಮೂಸಿ ಆರಿಸಿಕೊಟ್ಟಳು. ಅವ್ವ ಒಳಗೇ ಉಳಿದಳು.

"ನಿನ್ ಕಣ್ಣು ಎಂಗೈತವ್ವ?" ಎಂದು ಸೊಪ್ಪಿನಮ್ಮ ಕೇಳಿದಳು.

ಆ ಹೊತ್ತಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಹೇಳಲು ನಾಚಿಕೆಯಾಯಿತು. "ಅಷ್ಟೇನೂ ಕಾಣಲ್ಲ" ಎಂದೆ.

ಅವಳು ತಡವರಿಸಿ ನನ್ನ ಕೆನ್ನೆ ಹುಡುಕಿ ಸವರಿದಳು. "ಚಿಕ್ಕೋಳು ನೀನು, ಸರೋಯ್ತದೆ ಬುಡು. ದಿನಾ ದೇವ್ರಿಗ್ ಕೇಳ್ಕೊಂತೀನಿ."

ಮೊನ್ನೆ ಡಾಕ್ಟರು, "ಈಗ ಆಳದ ಕಲೆಗೂ ಒಳಪೊರೆ ಉಳಿಸಿಕೊಂಡೇ ಪದರ ಹಾಕ್ತೀವಿ ಮೇಡಂ" ಎಂದರು. ಕೇಳಿ ಕುರ್ಚಿಯಲ್ಲೇ ಕುಗ್ಗಿದೆ. ಅವ್ವ ಹೋಗಿ, ಸೊಪ್ಪಿನಮ್ಮ ಹೋಗಿ ಎಷ್ಟೋ ವರ್ಷವಾಯಿತು.

ದೂರದಲ್ಲಿ ಬಸ್ಸು ಬಂತು. ಬಲಗಣ್ಣು ಮುಚ್ಚಿ ನೋಡಿದೆ. ಬೋರ್ಡಿನ ಅಕ್ಷರಗಳೆಲ್ಲ ಕಂಡವು. ಸಾಯುವವರೆಗೂ ಅವಳು ಈ ಕಣ್ಣಿಗಾಗಿ ದೇವರನ್ನು ಕೇಳಿಕೊಳ್ಳುತ್ತಲೇ ಇದ್ದಳಂತೆ.