ನೂರು ವ್ಯಾಟಿನ ಧೈರ್ಯ

ಈ ವಾರ ಬೇರೇನೋ ಬರೆಯಬೇಕೆಂದಿದ್ದೆ. ಆಗಲಿಲ್ಲ. ಸಂಜೆ ಮನೆಯಲ್ಲಿ ಯಾರಾದರೂ ಸ್ವಿಚ್ ಒತ್ತಿದರೆ ಸಾಕು, ಎದೆ ಧಸಕ್ಕೆನ್ನುತ್ತಿದೆ. ಕಾರಣ, ಒಂದು ಎಲ್‌ಇಡಿ ಫ್ಲಡ್‌ಲೈಟ್.

ನಮ್ಮಕ್ಕನನ್ನು ಕೊಟ್ಟಿರುವುದು ಕಾಮಸಮುದ್ರದ ಕಡೆ. ಊರಿನ ಕೊನೇ ಮನೆ, ಎದುರಿಗೆ ರಾಗಿ ಹೊಲ, ಅದರಾಚೆ ಕಾಡು. ಬೆಳೆ ಬಲಿತರೆ ಆನೆಗಳು ಬರುತ್ತವೆ. ಡೈರಿಗೆ ಹಾಲು ಹಾಕಿ ಅವಳು ಆ ಹೊಲದ ದಾರಿಯಲ್ಲೇ ಒಬ್ಬಳೇ ವಾಪಸ್ ಬರಬೇಕು. ಊರಿಗಾಂನ ನನ್ನ ಮನೆಯಲ್ಲಿ ಕೂತ ನನಗೆ ದಿನಾ ಅದೇ ದಿಗಿಲು. ಸರಿ, ಬಂಗಾರಪೇಟೆಯ ಎಲೆಕ್ಟ್ರಿಕಲ್ ಅಂಗಡಿಗೆ ನುಗ್ಗಿದೆ.

"ಮನೆಗಾ ಸಾರ್, ಕ್ರಿಕೆಟ್ ಗ್ರೌಂಡಿಗಾ?" ಅಂದ ಅಂಗಡಿಯವ. "ಮನೆಗೆ ಇಪ್ಪತ್ತು ವ್ಯಾಟ್ ಸಾಕು ಸಾರ್."

ಸಾಕಂತೆ! ಆನೆ ಬರೋದು ಅವನ ಮನೆಗಲ್ಲವಲ್ಲ. ಮಳೆಗೆ ನೆನೆದರೂ ಕೆಡದ, ನೂರು ವ್ಯಾಟಿನ, ಕಣ್ಣು ಕುಕ್ಕುವ ಬಿಳಿ ಬೆಳಕಿನದನ್ನೇ ತಂದೆ. (ಭಯ ಇರುವವನು ವ್ಯಾಟ್ ನೋಡಿಯೇ ಕೊಳ್ಳುತ್ತಾನೆ. ನೀವೂ ಅಷ್ಟೇ, ನನಗೆ ಗೊತ್ತು.) ಬಾಗಿಲ ಪಕ್ಕ, ಕೈಗೆಟುಕುವ ಎತ್ತರದಲ್ಲಿ, ಹೊಲದ ದಾರಿಗೇ ನೇರ ಮುಖ ಮಾಡಿ ಕೂರಿಸಿದ್ದೂ ನಾನೇ. ಭಾವನಿಗೋ ಖುಷಿಯೋ ಖುಷಿ. "ಊರಿಗೆಲ್ಲ ಕಾಣ್ತದೆ ಬಿಡಪ್ಪ!"

ಹೋದ ಶನಿವಾರ, ಆಗತಾನೇ ಕತ್ತಲಾಗಿತ್ತು. ಭಾವ ಕೊಟ್ಟಿಗೆಯಲ್ಲಿದ್ದರು. ನಾನು ಜಗಲಿಯಲ್ಲಿ, ಆ ಲೈಟಿನ ಕೆಳಗೇ ಕೂತಿದ್ದೆ. ದಾರಿಯಲ್ಲಿ ಅಕ್ಕ ಬರುತ್ತಿದ್ದಳು. ಒಂದು ಕೈಯಲ್ಲಿ ಖಾಲಿ ಕ್ಯಾನು, ಅದರ ಹಿಡಿಕೆಯ ಲೊಟಲೊಟ ಸದ್ದು. ಇನ್ನೊಂದು ಕೈ ಕಣ್ಣಿಗೆ ಅಡ್ಡ.

ಕಣ್ಣಿಗೇಕೆ ಅಡ್ಡ? ಆಗ ಹೊಳೆಯಿತು. ಅವಳಿಗೆ ಲೈಟು ಬಿಟ್ಟರೆ ಬೇರೇನೂ ಕಾಣುತ್ತಿಲ್ಲ!

ನನಗೆ ಕಾಣುತ್ತಿತ್ತು. ದಾರಿಯ ಎಡಕ್ಕೆ, ಬೆಳಕಿನ ಅಂಚಿನಲ್ಲಿ, ರಾಗಿಯ ನಡುವೆ ಒಂಟಿ ಆನೆ. ಕಿವಿ ಅರಳಿಸಿ ಅವಳನ್ನೇ ನೋಡುತ್ತಿತ್ತು. ಅಕ್ಕ ಅದರ ಕಡೆಗೇ ನಡೆದು ಬರುತ್ತಿದ್ದಳು.

ಕೂಗಲೇ? ಆನೆ ಬೆದರಿ ನುಗ್ಗಿದರೆ? ನನ್ನ ದನಿ ಕೇಳಿ, ಏನಾಯ್ತೋ ಅಂತ ಅಕ್ಕ ಮುಂದಕ್ಕೇ ಓಡಿ ಬಂದರೆ? ಮುಗೀತು, ಅಕ್ಕ ಹೋದಳು ಅಂದುಕೊಂಡೆ.

ಕೈ ತಾನಾಗಿ ಸ್ವಿಚ್ಚಿಗೆ ಹೋಯಿತು. ಲೈಟ್ ಆರಿಸಿಬಿಟ್ಟೆ.

ಕರೆಂಟ್ ಕೈಕೊಡುವ ಊರಲ್ಲಿ ಬೆಳೆದವರು ನಾವು. ಕರೆಂಟ್ ಹೋದರೆ ನಿಂತ ಜಾಗದಲ್ಲೇ ನಿಲ್ಲಬೇಕು, ಕಣ್ಣು ಕತ್ತಲೆಗೆ ಒಗ್ಗುವವರೆಗೆ ಅಲ್ಲಾಡಬಾರದು. ಅಮ್ಮ ಬೈದು ಬೈದು ಕಲಿಸಿದ್ದು. ಅಕ್ಕ ಮರೆತಿರಬಾರದು, ದೇವರೇ!

ಕ್ಯಾನಿನ ಸದ್ದು ನಿಂತಿತು. "ಥೂ, ಓಯ್ತಾ ಕರೆಂಟು" ಎಂಬ ಗೊಣಗು ಕೇಳಿಸಿತು. ಆಮೇಲೆ ಮೌನ. ಆ ಮೌನದಲ್ಲಿ ರಾಗಿ ಪೈರು ಮುರಿಯುವ ಲಟಲಟ. ಅವಳಿಗೂ ಕೇಳಿಸಿತಾ? ಈಗ ನನಗೂ ಏನೂ ಕಾಣುತ್ತಿಲ್ಲ. ಗೋಡೆಗೆ ಅಂಟಿಕೊಂಡು ನಿಂತೆ. ಎಷ್ಟು ಹೊತ್ತೋ.

ಕೊನೆಗೆ ಹಿತ್ತಲ ಬಾಗಿಲು ಬಡಿದ ಸದ್ದು. ಅಕ್ಕ! ಕಣ್ಣು ಕತ್ತಲೆಗೆ ಒಗ್ಗಿ ಆನೆ ಕಂಡದ್ದೇ ಹಿಂದಹಿಂದಕ್ಕೆ ಸರಿದು, ಪಕ್ಕದ ಹೊಲದಿಂದ ಸುತ್ತಿಕೊಂಡು ಬಂದಿದ್ದಳು. ತಬ್ಬಿಕೊಂಡು ಗೊಳೋ ಅಂತ ಅತ್ತುಬಿಟ್ಟೆ. (ಇಷ್ಟು ವಯಸ್ಸಾಗಿ, ಹೌದು.)

ಬೆಳಗ್ಗೆ ನೂರು ವ್ಯಾಟಿನದನ್ನು ಇಳಿಸಿದೆವು. ಈಗ ಸೂರಿನ ಕೆಳಗೆ, ಎತ್ತರದಲ್ಲಿ, ಇಪ್ಪತ್ತು ವ್ಯಾಟಿನ ಹಳದಿ ಬೆಳಕಿದೆ. ಮುಖ ಅಂಗಳಕ್ಕೆ ಬಗ್ಗಿದೆ.

ಊರಿಗಾಂಗೆ ಬಂದು ನೋಡಿದರೆ, ನಮ್ಮ ಬೀದಿಯ ಮನೆಮನೆಯ ಫ್ಲಡ್‌ಲೈಟಿನ ಮುಖವೂ ರಸ್ತೆಗೇ. ಕಳ್ಳರ ಭಯವಂತೆ. ಸಂಜೆ ಟ್ರೇನ್ ಇಳಿದು ಬರುವ ಹೆಂಗಸರೆಲ್ಲ ಕಣ್ಣಿಗೆ ಕೈ ಅಡ್ಡ ಹಿಡಿದೇ ನಡೆಯುತ್ತಾರೆ. ಬೆಳಕಿನ ಅಂಚಿನಲ್ಲಿ ಯಾರು ನಿಂತಿದ್ದಾರೆಂದು ಅವರಿಗೆ ಕಾಣುತ್ತದೆಯೇ?

ಅವತ್ತು ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಅಕ್ಕ ಹೇಳಿದ್ದು ಇಷ್ಟೇ: "ನಿನ್ನ ಲೈಟು ಆನೆ ಕಣ್ಣಿಗೆ ನನ್ನ ತೋರಿಸ್ತು ಕಣ್ಲಾ. ನನ್ನ ಕಣ್ಣಿಗೆ ಆನೆ ತೋರಿಸ್ಲಿಲ್ಲ."