ವೈರಸ್ಸಿಗೂ ಒಂದು ನಂಬರು

ಹಾಸನದ ಕಡೆಯ ಪುರಸಭೆಯೊಂದರಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದಾಗ, ಅರಕಲಗೂಡಿನ ಗೆಳೆಯ ಕೊಟ್ಟ ಆಟದ ಫ್ಲಾಪಿಯನ್ನು ಕಚೇರಿಯ ಕಂಪ್ಯೂಟರಿಗೆ ಹಾಕಿದೆ. ವೈರಸ್ ಬಂತು. ಪಕ್ಕದ ಮೇಜಿನಲ್ಲಿ ಟಪಾಲು ನೋಡಿಕೊಳ್ಳುತ್ತಿದ್ದ ಅಕ್ಕ ಅದನ್ನೂ ಬಂದ ಕಾಗದಗಳ ಇನ್‌ವರ್ಡ್ ರಿಜಿಸ್ಟರಿನಲ್ಲಿ ಬರೆದುಕೊಂಡು ನಂಬರು ಕೊಟ್ಟರು.

“ಅದೇನ್ ಕಾಗದಾನಾ ಅಕ್ಕಾ?” ಎಂದು ರೇಗಿದೆ.

“ಏನೇ ಬರ್ಲಿ, ನಂಬರಿಲ್ದೆ ಒಳಿಕ್ ಬುಡಾಕಿಲ್ಲ ಕಣಪ್ಪ.”

ವಾರದ ಮೇಲೆ ಕಂಪ್ಯೂಟರ್ ರಿಪೇರಿಗೆಂದು ಹಾಸನದಿಂದ ಬಂದ ಎಂಜಿನಿಯರ್, ವೈರಸ್ ಯಾವತ್ತು ಬಂತು, ಹೇಗೆ ಬಂತು ಎಂದು ಕೇಳಿದರು. ಅಕ್ಕ ರಿಜಿಸ್ಟರ್ ತೆರೆದು ತಾರೀಕು, ಗಂಟೆ, ಫ್ಲಾಪಿಯ ಬಣ್ಣವನ್ನೂ ಓದಿದರು.

“ಯಾರಿಂದ ಬಂತು?” ಎಂದರು ಎಂಜಿನಿಯರ್.

ಅಕ್ಕ ಒಮ್ಮೆ ನನ್ನತ್ತ ನೋಡಿದರು. “ಇಲ್ಲಿ ಇಂಕು ಅಳ್ಸೋಗೈತೆ ಸಾ.”

ಎಂಜಿನಿಯರ್ ಹೋದ ಮೇಲೆ ರಿಜಿಸ್ಟರಿನೊಳಗೆ ಇಣುಕಿ ನೋಡಿದೆ. ನನ್ನ ಹೆಸರು ಅಚ್ಚು ಹಾಕಿದಂತೆ ದುಂಡಗೆ ಕೂತಿತ್ತು.