ಒಂದೇ ಸಲ ಕರೆದದ್ದು

ಬಾಲ್ಕನಿಯಲ್ಲಿ ಒಣಹಾಕಿದ ಹಾಸಿಗೆಯನ್ನು ಸಂಜೆ ಒಳಗೆ ತಂದು ಮುಖವಿಟ್ಟರೆ ಬಿಸಿಲಿನ ವಾಸನೆ ಬರುತ್ತದೆ. ಕ್ಯೋಟೋದ ಈ ಕೋಣೆಯಲ್ಲಿ ಆ ವಾಸನೆ ಬಂದಾಗಲೆಲ್ಲ ನಾನು ಒಂಬತ್ತು ವರ್ಷದವಳಾಗುತ್ತೇನೆ. ಜಪಾನಿಗೆ ಬಂದು ನಾವು ಮೊದಲು ನೆಲೆಸಿದ್ದ ಊರಿನಲ್ಲಿ ಭೂಕಂಪವಾಗಿ, ಅಪ್ಪ ಅಡುಗೆ ಮಾಡುತ್ತಿದ್ದ ಹೋಟೆಲು ಮುಚ್ಚಿತ್ತು. ನಡುಗದ ನೆಲ ಬೇಕೆಂದು ಅವನು ನಮ್ಮನ್ನು ಹಿರೋಷಿಮಾದ ಆಚೆಗಿನ ಒಂದು ಕಡಲೂರಿಗೆ ಕರೆದೊಯ್ದ. ಸ್ಟೇಷನ್ನಿನ ಪೋಸ್ಟರಿನಲ್ಲಿ ಅದನ್ನು ಜಪಾನಿನ ಮೆಡಿಟರೇನಿಯನ್ ಎಂದು ಬರೆದಿದ್ದರು. ಸುಳ್ಳಲ್ಲ. ಗುಡ್ಡದ ಮೆಟ್ಟಿಲುಗಳ ಬದಿಗೆಲ್ಲ ನಿಂಬೆಗಿಡ, ಚಳಿಗಾಲದಲ್ಲೂ ಬೆಚ್ಚಗಿರುವ ಕಲ್ಲುಗೋಡೆ. ಮನೆಯ ಮಹಡಿಯಲ್ಲಿ ನಾವು, ಕೆಳಗೆ ಒಡತಿ ಹಮಾದಾ ಸಾನ್, ಒಂಟಿ ಮುದುಕಿ. ನಮ್ಮ ಹಾಸಿಗೆಗಳನ್ನೂ ಅವರೇ ಬಿಸಿಲಿಗೆ ಹಾಕಿ, ಬಡಿದು, ಮಡಚಿಡುತ್ತಿದ್ದರು. ಅಮ್ಮ ಗೋಡೆಯ ಮೇಲೆ ಸಂಡಿಗೆ ಇಟ್ಟರೆ ಟೋಪಿ ಹಾಕಿಕೊಂಡು ಕಾಗೆ ಕಾಯುತ್ತ ಕೂರುತ್ತಿದ್ದರು. "ಕರಿಯೋದ್ಯಾಕೆ, ಹೀಗೇ ಚೆನ್ನಾಗಿದೆಯಲ್ಲ," ಎಂದು ಜಪಾನಿಯಲ್ಲಿ ಹೇಳುತ್ತ ಹಸಿ ಸಂಡಿಗೆಯನ್ನೇ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ನಮ್ಮ ಕಡೆ ಊಟಕ್ಕೆ ಹೇಗೆ ಕರೆಯುತ್ತಾರೆಂದು ನಿಮಗೆ ಗೊತ್ತು. ಬೇಡವೆಂದರೂ ಅಪ್ಪ ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ. ಮೂರನೆಯ ಸಲಕ್ಕೆ ಹಮಾದಾ ಸಾನ್ ನಗುತ್ತ ಮೆಟ್ಟಿಲು ಹತ್ತುತ್ತಿದ್ದರು. ಶಾಲೆಯಲ್ಲಿ ಇಲ್ಲಿನ ರೀತಿನೀತಿ ಕಲಿತಿದ್ದ ನನಗೆ ಅದು ನಾಚಿಕೆ.

"ಅಪ್ಪಾ, ಇಲ್ಲಿ ಒಂದ್ಸಲ ಬೇಡ ಅಂದ್ರೆ ಮುಗೀತು. ಮತ್ತೆ ಮತ್ತೆ ಕರೆದ್ರೆ ಅವ್ರಿಗೆ ಹಿಂಸೆ ಆಗುತ್ತೆ."

"ಆಯ್ತು ಟೀಚರಮ್ಮ," ಎಂದು ಅಪ್ಪ ನಕ್ಕ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ನನ್ನ ಮಾತೆಂದರೆ ಅವನಿಗೆ ಪುಸ್ತಕದ ಮಾತು. ಅಂದಿನಿಂದ ಒಂದೇ ಸಲ ಕರೆದ. ಹಮಾದಾ ಸಾನ್ ಊಟಕ್ಕೆ ಬರುವುದು ಕಡಿಮೆಯಾಯಿತು.

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಸುಮ್ಮನೆ ಸಿಕ್ಕಿದ್ದಲ್ಲ, ಹೇಳಿಕೊಳ್ಳಲು ಸಂಕೋಚವೂ ಇಲ್ಲ. ಅದಕ್ಕಾಗಿ ಕ್ಯೋಟೋದಲ್ಲಿ ಓದುತ್ತಿದ್ದಾಗ ಆ ಬಿಸಿಲೂರಿನಲ್ಲಿ ಮೂರು ದಿನ ಮಳೆ ಬಿಡಲಿಲ್ಲ. ಗುಡ್ಡ ಬಿಟ್ಟು ಶಾಲೆಗೆ ಹೋಗಿ ಎಂದು ಮೈಕಿನಲ್ಲಿ ಕೂಗಿದರು. ಅಪ್ಪ ಅಮ್ಮನನ್ನು ಹೊರಡಿಸಿಕೊಂಡು ಕೆಳಗಿನ ಬಾಗಿಲು ತಟ್ಟಿದ. "ನಲವತ್ತು ವರ್ಷದಿಂದ ಇದ್ದೀನಿ, ಇಲ್ಲೇನೂ ಆಗಲ್ಲ. ನೀವು ಹೋಗ್ಬನ್ನಿ," ಎಂದರಂತೆ ಹಮಾದಾ ಸಾನ್. ಅಪ್ಪ ತಲೆಬಾಗಿ ವಂದಿಸಿ ಹೊರಟ.

ಆ ಮಧ್ಯಾಹ್ನವೇ ಗುಡ್ಡ ಕುಸಿದು ಮನೆಯನ್ನೂ ಅವರನ್ನೂ ಕೊಂಡೊಯ್ದಿತು.

"ಒಂದೇ ಸಲ ಕರೆದೆ ಕಣಮ್ಮ," ಎಂದ ಅಪ್ಪ ಫೋನಿನಲ್ಲಿ. ಅದರಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ರೈಲು ಮತ್ತೆ ಓಡಿದ ದಿನ ಹೋದೆ. ಆಕಾಶ ತೊಳೆದಿಟ್ಟಂತಿತ್ತು, ಕೆಸರು ಆಗಲೇ ಒಣಗಿ ಬಿರಿಯುತ್ತಿತ್ತು. ಮೆಟ್ಟಿಲ ತಿರುವಿನಲ್ಲಿ ನಿಂತೆ. ಎದುರಿಗೆ ಸಮುದ್ರ, ನೀಲಿಯಾಗಿ, ದ್ವೀಪಗಳ ಸಮೇತ. ಅಷ್ಟು ವರ್ಷ ಅಲ್ಲಿ ಓಡಾಡಿದ್ದರೂ ಆ ತಿರುವಿನಿಂದ ಸಮುದ್ರ ಕಂಡದ್ದು ಅದೇ ಮೊದಲು. ನಡುವೆ ನಮ್ಮ ಮನೆ ಇತ್ತು.